ಉಪ್ಪು ತಿಂದ ಗಾಡಿ

ಆಟೋಮ್ಯಾಟಿಕ್ ಗೇರನ್ನು ನಾನು ಬೈಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.
ಮೊಣಕಾಲು ನೋವಿನವರಿಗೆ ಅದು ಬೇಕು.
ನನಗಿನ್ನೂ ಬಂದಿಲ್ಲ ಆ ನೋವು.
ಬಂದರೂ ಹೇಳುವವನಲ್ಲ.

ಬಣ್ಣ ನೋಡಿ ಕಾರು ಕೊಳ್ಳಬೇಡಿ.
ಅಂಗಾತ ಮಲಗಿ, ಬೆನ್ನಿಗೆ ನೆಲದ ಥಂಡಿ ಹತ್ತಲಿ;
ಕೆಳಗೆ ತೂರಿದವನಿಗೆ ಮಾತ್ರ
ಗಾಡಿ ನಿಜ ಹೇಳುತ್ತದೆ.

ಇಲ್ಲಿ ಕೌವೊಲಾದಲ್ಲಿ ನವೆಂಬರ್ ಬಂತೆಂದರೆ
ರಸ್ತೆಗೆ ಉಪ್ಪು ಸುರಿಯುತ್ತಾರೆ ಲಾರಿಗಟ್ಟಲೆ.
ಹಿಮ ಕರಗುತ್ತದೆ, ಸುಳ್ಳಲ್ಲ.
ಜೊತೆಗೆ ನನ್ನ ವೋಲ್ವೋ ಕೂಡ,
ಬಾಗಿಲ ಬುಡದಿಂದ, ಚೂರುಚೂರೇ.
ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ;
ಇದು ಮೂವತ್ತಾರು ಚಳಿಗಾಲ ತಿಂದಿದೆ,
ಕುಡಿದದ್ದನ್ನೆಲ್ಲ ಕಾರ್ಪೆಟ್ಟಿನಡಿ ಬಚ್ಚಿಟ್ಟಿದೆ.

ಅಳಿಯನ ಎಲೆಕ್ಟ್ರಿಕ್ ಕಾರು
ಹಾಲಿಗೆ ಬಂದ ಬೆಕ್ಕಿನ ಹಾಗೆ ಅಂಗಳಕ್ಕೆ ಬರುತ್ತದೆ.
ಚೆನ್ನಾಗಿಯೇ ಓಡುತ್ತದೆ, ಒಪ್ಪಿದೆ.
ಆದರೆ ಗಾಜಿನ ಮಂಜು ತೆಗೆಯಲು
ಪರದೆಯೊಳಗೆ ಮೂರು ಮೆನು ದಾಟಬೇಕು,
ಅಷ್ಟರಲ್ಲಿ ಮೂಸ್ ರಸ್ತೆ ದಾಟಿರುತ್ತದೆ,
ಅಥವಾ ದಾಟಿರುವುದಿಲ್ಲ.
ಗುಂಡಿ ಎಂದರೆ ಕೈಗವಸಿನಲ್ಲೇ ತಿರುಗಬೇಕು.

ಕಚ್ಚಿಕೊಂಡ ಬೋಲ್ಟಿಗೆ ಎಣ್ಣೆ ಬಿಡಿ,
ಹೋಗಿ ಕಾಫಿ ಕುಡಿದು ಬನ್ನಿ. ಬೈಯಬೇಡಿ.
ಬೈದರೆ ತಲೆ ಹಾರುತ್ತದೆ, ಬೋಲ್ಟಿನದು.
ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಹಲಗೆಯ ಮೇಲಿಡಿ.
ಆದರೂ ಕೊನೆಗೊಂದು ನಟ್ಟು ಉಳಿಯುತ್ತದೆ.
ಉಳಿದೇ ಉಳಿಯುತ್ತದೆ.
ನನ್ನಲ್ಲಿ ಒಂದು ಡಬ್ಬಿ ತುಂಬ ಇವೆ;
ಅಷ್ಟೂ ಗಾಡಿಗಳು ಅವಿಲ್ಲದೆ ಎಲ್ಲೋ ಓಡಾಡಿಕೊಂಡಿವೆ.

ಬರೀ ಜ್ಯಾಕ್ ನಂಬಿ ಕೆಳಗೆ ತೂರಬೇಡಿ.
ಆರ್ಮಾಸ್ ತೂರಿದ್ದ. ಕಾಗದದ ಮಿಲ್ಲಿನಲ್ಲಿ ನನ್ನ ಪಾಳಿಯವನು.
ಎರಡು ನಿಮಿಷದ ಕೆಲಸ ಅಂದಿದ್ದ.
ಇದನ್ನು ಎರಡನೇ ಸಲ ಹೇಳುವುದಿಲ್ಲ ನಾನು.

ಅವನ ಮಗಳು ಸಿರ್ಕು. ಆಗ ಹನ್ನೊಂದು ಅವಳಿಗೆ.
ಆ ಬೇಸಿಗೆಯೆಲ್ಲ ನನ್ನ ಗ್ಯಾರೇಜಿನ ಬಾಗಿಲಿಗೊರಗಿ ನಿಂತಳು,
ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ,
ಟಾರ್ಚು ಕೊಟ್ಟೆ.
ಟಾರ್ಚು ಹಿಡಿಯುವವರೆಲ್ಲ
ತಾವು ನೋಡುವಲ್ಲಿ ಬೆಳಕು ಬಿಡುತ್ತಾರೆ.
ನಾನು ನೋಡುವಲ್ಲಿ ಬಿಟ್ಟವಳು ಇವಳೊಬ್ಬಳೇ.
ತುಕ್ಕು ಹುಡುಕಲು ಕಿವಿ ಸಾಕು ಎಂದು ಕಲಿಸಿದೆ:
ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟು,
ಟಣ್ ಎಂದರೆ ಉಕ್ಕು,
ಡಬ್ ಎಂದರೆ ಬರೀ ಬಣ್ಣ.

ಈ ಮಂಗಳವಾರ ವಾರ್ಷಿಕ ತಪಾಸಣೆ.
ಶೆಡ್ಡಿನೊಳಗೆ ಹೊಸ ಇನ್‌ಸ್ಪೆಕ್ಟರ್, ಹಸಿರು ಕೋಟು.
‘ಮಾಲೀಕರು ಯಾರು?’ ಎಂದಳು ಸಿರ್ಕು,
ಕಾನೂನಿನ ಪ್ರಕಾರ, ನನ್ನ ಮುಖ ನೋಡದೆ.
ದೀಪ ಸರಿ. ಬ್ರೇಕು ಸರಿ, ಸರಿಯಿರದೆ ಏನು,
ಬ್ರೇಕಿನಲ್ಲಿ ನಾನು ಜಿಪುಣನಲ್ಲ.
ಹೊಗೆ, ಅವಳ ಯಂತ್ರ ಸ್ವಲ್ಪ ಯೋಚಿಸಿ ಹೂಂ ಅಂದಿತು.
ಆಮೇಲೆ ಗಾಡಿಯನ್ನು ಮೇಲೆತ್ತಿ
ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದಳು.

ಟಣ್.
ಟಣ್.
ಟಣ್.
ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.
ಡಬ್.

ಮಾರ್ಚಿನಲ್ಲಿ ಅಲ್ಲಿ ಪುಟ್ಟಿ ಮೆತ್ತಿ
ಕಪ್ಪು ಬಳಿದವನು ಬೇರೆ ಯಾರೂ ಅಲ್ಲ.
ಅವಳಿಗೆ ನನ್ನ ಬೆರಳಿನ ಗುರುತು ಗೊತ್ತು.
ಉಗುರಿನಿಂದ ಕೆರೆದಳು, ಒಂದು ಹಪ್ಪಳದಷ್ಟು ಉದುರಿತು,
ಅದನ್ನು ನನ್ನ ಅಂಗೈಯಲ್ಲಿಟ್ಟು
ಫೇಲ್ ಎಂದು ಬರೆದಳು. ಒಂದು ತಿಂಗಳು ಗಡುವು.

ಕೋಪ ಬಂತು. ಬರಲಿಲ್ಲ ಎಂದರೆ ಸುಳ್ಳು.
ಆದರೆ ಎಷ್ಟು ಸರಿಯಾಗಿ ಕುಟ್ಟಿದಳು!
ಅವಸರವಿಲ್ಲ, ಎಲ್ಲೂ ಬಿಟ್ಟಿಲ್ಲ,
ಡಬ್ ಎಂದಮೇಲೂ ಮುಂದಿನದನ್ನು ಕುಟ್ಟಿಯೇ ನೋಡಿದಳು.

ಕಾಗದ ಕೊಡುವಾಗ ಮಾತ್ರ ತಲೆಯೆತ್ತಿದಳು.
‘ಬೆಸುಗೆ ನೀವೇ ಹಾಕುತ್ತೀರಾ?’
‘ಮತ್ತೆ ಯಾರು.’
‘ಸ್ಟ್ಯಾಂಡ್ ಇಡುತ್ತೀರಲ್ಲ, ನಾಲ್ಕೂ ಕಡೆ?’

ನಾಲ್ಕೂ ಕಡೆ, ಎಂದೆ.
ಮನೆಯಲ್ಲಿರುವುದು ಎರಡು.
ಹೆದ್ದಾರಿಗೆ ಹೋಗುವ ಮೊದಲೇ, ಎಡಕ್ಕೆ,
ಬಿಡಿಭಾಗದ ಅಂಗಡಿಯತ್ತ ತಿರುಗಿದೆ,
ಎರಡನೇ ಗೇರಿನಲ್ಲಿ.